ವಾರಕ್ಕೊಮ್ಮೆ ಕೆಡಿಸುವ ಮಾಮಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೊಡ್ಡವ್ವನ ಕಂಪ್ಯೂಟರ್ ಕೆಡಿಸಿದವನು ನಾನು. ಅದೂ ಯಾವಾಗ? ಕಣ್ಣು ಕಾಣದ ಆ ಹೆಣ್ಣುಮಗಳು ಅದೇ ಕಂಪ್ಯೂಟರ್ ಮುಂದೆ ಕುಳಿತು, ನಾಲ್ಕು ಜನ ದೊಡ್ಡವರಿಗೆ ಓದಿ ತೋರಿಸಿ, ಎಂಟು ವರ್ಷದ ಹಿಂದೆ ಕಳೆದುಕೊಂಡ ಶಿಕ್ಷಕಿಯ ಕೆಲಸವನ್ನು ಮತ್ತೆ ಗಳಿಸಬೇಕಾಗಿದ್ದ ಸೋಮವಾರಕ್ಕೆ ಬರೀ ಎರಡು ದಿನ ಇರುವಾಗ! ಕೆಡಿಸಿದ್ದಷ್ಟೇ ಆಗಿದ್ದರೆ ಹುಡುಗಬುದ್ಧಿ ಎಂದು ಬಿಡಬಹುದಿತ್ತು. ಅದನ್ನು ಮುಚ್ಚಿಡಲು ನಾನು ಮಾಡಿದ ಕೆಲಸವಿದೆಯಲ್ಲ, ಅದಕ್ಕೆ ಯಾವ ಬುದ್ಧಿಯ ಹೆಸರೂ ಹೊಂದುವುದಿಲ್ಲ. ಅದು ಮುಂದೆ ಬರುತ್ತದೆ. ಈಗಲೇ ಹೇಳಿದರೆ ನೀವು ಮಾಮಾನ ಬಗ್ಗೆ ಓದುವುದು ಬಿಟ್ಟು ನನ್ನನ್ನು ಬೈಯುತ್ತ ಕುಳಿತುಬಿಡುತ್ತೀರಿ.

ಹೌದು, ಇದು ಮಾಮಾನ ಕಥೆ. ಮಾಮಾ ಎಂದರೆ ನಮ್ಮವ್ವನ ತಮ್ಮ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರು ಕೂಡಿಸಿ ಜರಡಿ ಹಿಡಿದರೂ ಇಂಥ ಇನ್ನೊಂದು ಕಾಳು ಸಿಗಲಿಕ್ಕಿಲ್ಲ. ಲೋಕದಲ್ಲಿ ವಸ್ತು ಕೆಡಿಸುವವರು ಬೇಕಾದಷ್ಟು ಜನ ಇದ್ದಾರೆ, ನನ್ನನ್ನೂ ಸೇರಿಸಿ. ನಾವೆಲ್ಲ ಕೆಡಿಸಿದ ಮೇಲೆ 'ತಾನಾಗಿಯೇ ಕೆಟ್ಟಿತು' ಎನ್ನುತ್ತೇವೆ. ಚೆಂದಾಗಿ ನಡೆಯುತ್ತಿರುವ ಕಂಪ್ಯೂಟರನ್ನು ವಾರಕ್ಕೊಮ್ಮೆ, ಪ್ರತಿ ಮಂಗಳವಾರ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬೇಕೆಂದೇ ಕೆಡಿಸಿ, ಸಂಜೆಯೊಳಗೆ ಎಬ್ಬಿಸಿ ಕೂರಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಾಮಾನದು ಬೈಲಹೊಂಗಲದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಹೊಲದ ಬಾವಿಗಳಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳೆಲ್ಲ ಅವನ ಅಂಗಳಕ್ಕೆ ಬರುತ್ತವೆ. ಅವನು ಅವುಗಳ ಹೊಟ್ಟೆ ಬಿಚ್ಚಿ, ಸುಟ್ಟ ತಾಮ್ರದ ತಂತಿ ತೆಗೆದು, ಹೊಸದು ಸುತ್ತಿ, ವಾರ್ನಿಶ್ ಬಳಿದು ಕಳಿಸುತ್ತಾನೆ. ಓದಿದ್ದು ಹತ್ತನೆಯ ಇಯತ್ತೆ. ಇಂಥವನ ಅಂಗಡಿಗೆ ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷದಲ್ಲಿ ಒಂದು ಹಳೆಯ ಕಂಪ್ಯೂಟರ್ ಬಂತು. ಯಾರೋ ಅದರ ವಿದ್ಯುತ್ ಪೆಟ್ಟಿಗೆ ರಿಪೇರಿಗೆ ಕೊಟ್ಟು ಮರಳಿ ಬರಲೇ ಇಲ್ಲ. ಮಾಮಾ ಒಂದು ವರ್ಷ ಕಾದ. ಆಮೇಲೆ ಅದನ್ನು ದತ್ತು ತೆಗೆದುಕೊಂಡ.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಎಂದು ಒಂದಿರುತ್ತದೆ. ಮಾಮಾನದು ಲಿನಕ್ಸ್ ಕುಲದ್ದು. (ಆ ಕುಲದಲ್ಲಿ ನೂರೆಂಟು ಒಳಪಂಗಡಗಳಿವೆ, ಯಾವುದೆಂದು ಹೇಳಿದರೆ ಉಳಿದವರು ಜಗಳಕ್ಕೆ ಬರುತ್ತಾರೆ!) ಅದರಲ್ಲಿ ಎರಡು ಬಗೆ. ಒಂದು, ಪರೀಕ್ಷೆಯೆಲ್ಲ ಮುಗಿಸಿ, ಕಸ ಆರಿಸಿ, ಹಸನು ಮಾಡಿ ಜನರ ಕೈಗೆ ಕೊಡುವುದು. ಇನ್ನೊಂದು, ಕಟ್ಟುವವರು ಇನ್ನೂ ಕಟ್ಟುತ್ತಲೇ ಇರುವುದು. ಇವತ್ತು ಗೋಡೆ ಏರಿರುತ್ತದೆ, ನಾಳೆ ನೋಡಿದರೆ ಬಾಗಿಲು ಮಾಯ. 'ಧೈರ್ಯವಿದ್ದವರು ಬಳಸಿರಿ, ಮುರಿದರೆ ನಮಗೆ ತಿಳಿಸಿರಿ' ಎಂದು ಕಟ್ಟುವವರೇ ಎಚ್ಚರಿಕೆ ಬರೆದಿರುತ್ತಾರೆ. ಬುದ್ಧಿವಂತರು ಅದನ್ನು ಓದಿ ಹಿಂದೆ ಸರಿಯುತ್ತಾರೆ. ನಮ್ಮ ಮಾಮಾ ಅದನ್ನು ಲಗ್ನಪತ್ರಿಕೆಯಂತೆ ಓದಿ, ಸಹಕುಟುಂಬ ಹೊರಟುಬಿಟ್ಟ.

ಮಂಗಳವಾರ ಅಂಗಡಿಗೆ ರಜೆ. ಅವತ್ತು ಫೋನಿನ ತಂತಿಯಲ್ಲಿ ಆ ವಾರದ ಹೊಸ ಕಚ್ಚಾ ಮಾಲು ಇಳಿಯುತ್ತದೆ. ಮಾಮಾ 'ಹೂಂ, ಹಾಕು' ಎನ್ನುತ್ತಾನೆ. ಕಂಪ್ಯೂಟರ್ ಒಮ್ಮೆ ಮಲಗಿ ಏಳುತ್ತದೆ. ಎದ್ದಾಗ ಅದರ ಯಾವ ಅಂಗ ಊನವಾಗಿರುತ್ತದೆ ಎಂಬುದೇ ಆ ದಿನದ ಕುತೂಹಲ. ಒಂದು ವಾರ ಮೌಸ್ ಸತ್ತಿತು. ಮಾಮಾ ಒಂಬತ್ತು ದಿನ ಬರೀ ಕೀಲಿಮಣೆಯಿಂದ ಕೆಲಸ ಮಾಡಿ, ಹತ್ತನೆಯ ದಿನ ಮೌಸ್ ಬದುಕಿದಾಗ ಅದು ಬೇಡವೇ ಬೇಡ ಎಂದು ಕಪಾಟಿನಲ್ಲಿಟ್ಟ! ಇನ್ನೊಂದು ವಾರ ಗಡಿಯಾರ ಹದಿನೇಳು ವರ್ಷ ಹಿಂದೆ ಹೋಯಿತು. 'ಛಲೋ ಆತು, ಆಗ ನನಗಿನ್ನೂ ಲಗ್ನ ಆಗಿದ್ದಿಲ್ಲ' ಎಂದು ಅವನು ಅಡಿಗೆಮನೆಗೆ ಕೇಳುವಂತೆ ಹೇಳಿದ. ಅಡಿಗೆಮನೆಯಿಂದ ಅತ್ತಿ, ಅಂದರೆ ಅವನ ಹೆಂಡತಿ, ಲಟ್ಟಣಿಗೆ ನಿಲ್ಲಿಸದೆ ಉತ್ತರ ಕೊಟ್ಟಳು:

"ಮಂಗಳವಾರ ತಾವು ಉಪಾಸ ಮಾಡೂ ಮಂದೀನ ನೋಡೇನಿ. ಕಂಪ್ಯೂಟರಿಗೆ ಉಪಾಸ ಕೆಡವೂದನ್ನ ಈ ಮನಿಯಾಗ ನೋಡಿದ್ನಿ."

ನಾನು ತೊರಗಲ್ಲಿನಿಂದ ಬಿ.ಕಾಂ. ಓದಲು ಬಂದು ಮಾಮಾನ ಮನೆಯಲ್ಲಿದ್ದೆ. ಓದು ನನ್ನ ಉಪಕಸುಬು. ಮುಖ್ಯ ಕಸುಬು ಮಂದಿಯ ಧ್ವನಿ ತೆಗೆಯುವುದು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಅತ್ತಿಯ ನಿಟ್ಟುಸಿರು ಎಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದವು. ಹಾಗಾಗಿ ಮಾಮಾ ನನ್ನ ಪಾಲಿಗೆ ಮಾಮಾ ಅಷ್ಟೇ ಅಲ್ಲ, ಕಚ್ಚಾ ಮಾಲಿನ ಗೋದಾಮು!

ಅವನ ದಫ್ತರದ ಬಗ್ಗೆ ಹೇಳಬೇಕು. ಮೋಟರ್ ಸುತ್ತುವವರಲ್ಲಿ ಒಂದು ಪದ್ಧತಿ ಇದೆ. ಸುಟ್ಟ ತಂತಿಯನ್ನು ಕಿತ್ತು ಎಸೆಯುವ ಮೊದಲು ಅದು ಎಷ್ಟು ಸುತ್ತು ಇತ್ತು, ತಂತಿ ಎಷ್ಟು ದಪ್ಪ ಇತ್ತು ಎಂದು ಎಣಿಸಿ ಬರೆದುಕೊಳ್ಳಬೇಕು. ಎಣಿಸದೆ ಎಸೆದರೆ ಆ ಮೋಟರ್ ಮತ್ತೆ ತಿರುಗಿದಂತೆಯೇ! ಮಾಮಾ ಕಂಪ್ಯೂಟರಿಗೂ ಇದೇ ಪದ್ಧತಿ ಹಾಕಿದ. ಅದರ ನಡುವಿನ ತಿರುಳಿಗೆ 'ಕರ್ನಲ್' ಎನ್ನುತ್ತಾರೆ. ಮೋಟರಿಗೆ ಸುರುಳಿ ಇದ್ದಂತೆ. ಹೊಸ ಕರ್ನಲ್ ಬಂದರೆ ಹಳೆಯದನ್ನು ತೆಗೆಯುವಂತಿಲ್ಲ. ಹೊಸದು ಹದಿನೈದು ದಿನ ತಪ್ಪದೆ ದುಡಿಯಬೇಕು, ಅಲ್ಲಿಯತನಕ ಹಳೆಯದು ಪಕ್ಕದಲ್ಲಿ ಕುಳಿತಿರಬೇಕು. ಹೊಸದು ಕೈಕೊಟ್ಟರೆ, ಏಳುವಾಗ ತೆರೆಯ ಮೇಲೆ ಬರುವ ಪಟ್ಟಿಯಲ್ಲಿ ಹಳೆಯದರ ಹೆಸರು ಆರಿಸಿದರೆ ಮುಗಿಯಿತು, ಕಂಪ್ಯೂಟರ್ ನಿನ್ನೆಯ ಹಾಗೆ ಎದ್ದು ನಿಲ್ಲುತ್ತದೆ.

ಮೋಟರಿಗೂ ಕಂಪ್ಯೂಟರಿಗೂ ಒಂದೇ ದಫ್ತರ, ಮೂರೇ ಕಾಲಮ್ಮು: ಸುಟ್ಟಿದ್ದು, ಕಾರಣ, ಮಾಡಿದ್ದು. ಒಮ್ಮೆ ಕಿತ್ತೂರಿನ ರೈತರೊಬ್ಬರು ತಮ್ಮ ಮೋಟರ್ ಒಯ್ಯಲು ಬಂದವರು ದಫ್ತರದಲ್ಲಿ ತಮ್ಮ ಹೆಸರಿನ ಹತ್ತಿರ ಬೆರಳಿಟ್ಟು ಓದಿದರು. 'ಧ್ವನಿ ಹೋಗಿದೆ. ಕಾರಣ ಪರದೇಶದವರು. ಹಳೇದು ಹಾಕಿ ಎಬ್ಬಿಸಿದೆ.' ಅವರ ಮುಖ ಬಿಳಿಚಿತು.

"ನಮ್ಮ ಬಾವ್ಯಾಗಿನ ಮೋಟರಿಗೆ ಪರದೇಶದವರು ಏನ ಮಾಡ್ಯಾರ್ರಿ?"

ಮಾಮಾ ಕನ್ನಡಕ ಏರಿಸಿ ನೋಡಿ, "ನಿಮ್ಮದು ಕೆಳಗಿನ ಸಾಲರಿ. ನಿಮ್ಮದಕ್ಕ ಇಲಿ ಮಾಡೇತಿ" ಎಂದ.

ಆ ಪರದೇಶದವರಿಗೆ, ಅಂದರೆ ತಂತ್ರಾಂಶ ಕಟ್ಟುವವರಿಗೆ, ಮಾಮಾ ದೂರು ಬರೆಯುತ್ತಿದ್ದ. ಬರೆಯುತ್ತಿದ್ದ ಅಂದರೆ, ಅವನು ಕನ್ನಡದಲ್ಲಿ ಹೇಳುತ್ತಿದ್ದ, ನಾನು ನನ್ನ ಬಿ.ಕಾಂ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಒಮ್ಮೆ ಯಾವುದೋ ದೇಶದ ತಂತ್ರಜ್ಞರೊಬ್ಬರು 'ಈ ದೋಷ ನಮ್ಮ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ' ಎಂದು ಒಂದೇ ಸಾಲು ಬರೆದು ಬಾಗಿಲು ಹಾಕಿಕೊಂಡರು. ಮಾಮಾನಿಗೆ ಸಿಟ್ಟು ಬರುವುದಿಲ್ಲ. ಬಂದಿದ್ದರೆ ಅವತ್ತು ಬರಬೇಕಿತ್ತು. ನನ್ನ ಕಡೆ ಹೊರಳಿ, "ಬರಿ" ಎಂದ. "ಹೊಲದಾಗ ಮೋಟರ್ ಸುಟ್ಟತಿ ಅಂತ ರೈತ ಬಂದ್ರ, ನಮ್ಮ ಅಂಗಡ್ಯಾಗ ಅದು ಸುಡವಲ್ದು ಅಂತ ನಾ ಹೇಳಾಕ ಬರ್ತೈತೇನು? ಹೊಲಕ್ಕ ಹೋಗಿ ನೋಡಬೇಕು. ನಿಮಗ ಬೈಲಹೊಂಗಲ ದೂರ ಆಗತೈತಿ. ಅದಕ್ಕ ಹೊಲಾನ ನಿಮ್ಮ ಕಡೆ ಕಳಸೇನಿ." ಹಾಗೆಂದು ಅವತ್ತಿನ ಕಂಪ್ಯೂಟರಿನ ದಿನಚರಿಯನ್ನೆಲ್ಲ, ಅದು ಸೀನಿದ್ದು ಕೆಮ್ಮಿದ್ದು ಸಹಿತ, ಸಾವಿರಾರು ಸಾಲು ಲಗತ್ತಿಸಿದ. ನಾನು ಮೋಟರ್, ರೈತ, ಹೊಲ ಎಲ್ಲವನ್ನೂ ಹಾಗೆಯೇ ಇಂಗ್ಲಿಷಿಗೆ ಇಳಿಸಿ ಕಳಿಸಿದೆ. ಮೂರು ವಾರದ ಮೇಲೆ ದೋಷ ಸರಿಹೋಯಿತು. ಆ ತಂತ್ರಜ್ಞರು ಧನ್ಯವಾದ ಹೇಳಿ, ಕೊನೆಯಲ್ಲಿ ವಿನಯದಿಂದ ಕೇಳಿದ್ದರು: ಆ ರೈತನ ಮೋಟರ್ ಈಗ ಹೇಗಿದೆ?

ಇನ್ನು ಅವನ ಮಂತ್ರ. ಕೆಟ್ಟ ಕಂಪ್ಯೂಟರನ್ನು ಎಬ್ಬಿಸುವಾಗ ಮಾಮಾ ಒತ್ತುವ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳುತ್ತಿದ್ದ. 'ಎಸ್... ಯು... ಡಿ... ಓ... ಜಾಗಾ ಬಿಡು... ಈಗ ಸಣ್ಣ ಗೆರಿ...' ದಾರಿಯಲ್ಲಿ ಹೋಗುವವರು ಮಂಗಳವಾರದ ಪೂಜೆ ನಡೆದಿದೆ ಎಂದು ಚಪ್ಪಲಿ ಕಳಚುವುದೊಂದು ಬಾಕಿ! ನಾನು ಇದನ್ನು ಕಾಲೇಜಿನ ಗ್ಯಾದರಿಂಗಿನಲ್ಲಿ ಮಾಡಿ ತೋರಿಸಿದೆ. ಚಪ್ಪಾಳೆಯೋ ಚಪ್ಪಾಳೆ. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಮಾಮಾನೇ ಕುಳಿತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಾನೆ. ಹೊರಗೆ ಬಂದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, "ಛಲೋ ಮಾಡಿದಿ. ಆದ್ರ ಎರಡನೇ ಸಾಲಿನ್ಯಾಗ ಜಾಗಾ ಬಿಡೂದು ಮರತಿ. ಹಂಗ ಒತ್ತಿದ್ರ ನಡಿಯೂದಿಲ್ಲ" ಎಂದ.

ಅವನು ಯಾಕೆ ಗಟ್ಟಿಯಾಗಿ ಹೇಳುತ್ತಾನೆ ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಗೊತ್ತಾದದ್ದು ಹೀಗೆ. ಒಂದು ಮಂಗಳವಾರ ನೋಡುತ್ತೇನೆ, ಟೇಬಲ್ಲಿನ ಮೇಲೆ ಫೋನಿನ ರಿಸೀವರ್ ಕೆಳಗೆ ಬಿದ್ದುಕೊಂಡಿದೆ. ಮರೆವಿನ ಮನುಷ್ಯ ಎಂದು ನಾನು ಅದನ್ನು ಎತ್ತಿ ಜಾಗದಲ್ಲಿಟ್ಟೆ. ಇಟ್ಟ ಅರೆ ನಿಮಿಷಕ್ಕೆ ಫೋನ್ ಬಾರಿಸಿತು. ಎತ್ತಿದರೆ ದೊಡ್ಡವ್ವ.

"ಯಾಂವ ಅಂವ ಫೋನ್ ಇಟ್ಟಾಂವ? ಅರ್ಧಾ ಆಜ್ಞೆ ಕೇಳಿದ್ನಿ, ಇನ್ನರ್ಧಾ ನೀ ಹೇಳ್ತೀಯೇನ?"

ದೊಡ್ಡವ್ವ ಎಂದರೆ ಅವ್ವನ ಅಕ್ಕ, ಮಾಮಾನ ದೊಡ್ಡಕ್ಕ. ರಾಮದುರ್ಗದ ಆಚೆ ಸುರೇಬಾನದಲ್ಲಿದ್ದಳು. ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಮೂವತ್ತೈದಕ್ಕೆ ಕಣ್ಣಿನ ನರ ಒಣಗುವ ರೋಗ ಬಂದು, ಎರಡು ವರ್ಷದಲ್ಲಿ ಪೂರ್ತಿ ಕತ್ತಲಾಯಿತು. ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಮನೆಗೆ ಕಳಿಸಿದರು. ಅವಳು ಆ ಶಾಲನ್ನು ಕಂಪ್ಯೂಟರಿನ ಮೇಲೆ ಧೂಳು ಕೂರದಂತೆ ಹೊದಿಸುತ್ತಿದ್ದಳು. "ಅದರದೂ ಸತ್ಕಾರ ಆಗಲಿ" ಎಂದು ಅವಳ ಮಾತು.

ಆ ಕಂಪ್ಯೂಟರ್ ಮಾಮಾ ಜೋಡಿಸಿಕೊಟ್ಟದ್ದು. ತೆರೆಯ ಮೇಲಿನದನ್ನು ಓದಿ ಹೇಳುವ ಒಂದು ತಂತ್ರಾಂಶ ಅದರಲ್ಲಿತ್ತು. ಮೂಗಿನಲ್ಲಿ ಹತ್ತಿ ತುರುಕಿಕೊಂಡವನೊಬ್ಬ ಬಾವಿಯೊಳಗಿಂದ ಪಾಠ ಒಪ್ಪಿಸಿದಂತೆ ಅದರ ಧ್ವನಿ! ಹಸನಾದ ಆವೃತ್ತಿಯಲ್ಲಿ ಅದಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲ. ಕಚ್ಚಾ ಆವೃತ್ತಿಯಲ್ಲಿ ತಿಂಗಳಿಗೊಂದಿಷ್ಟು ಬರತೊಡಗಿತ್ತು. ಅಂದಮೇಲೆ ದೊಡ್ಡವ್ವನಿಗೆ ಕಚ್ಚಾದ್ದೇ ಬೇಕು. ಆದರೆ ಕಚ್ಚಾದ್ದು ಕೆಡುತ್ತದೆ. ಕೆಟ್ಟರೆ ಅವಳ ಮನೆಯಲ್ಲಿ ಮಾತೇ ನಿಂತುಹೋಗುತ್ತದೆ. ಅದಕ್ಕೇ ಮಾಮಾ ಪ್ರತಿ ಹೊಸ ಮಾಲನ್ನೂ ಮೊದಲು ತನ್ನ ಪೆಟ್ಟಿಗೆಯಲ್ಲಿ ಹಾಕಿ, ಕೆಟ್ಟರೆ ತಾನು ಅನುಭವಿಸಿ, ಹದಿನೈದು ದಿನ ಬದುಕಿದ್ದನ್ನು ಮಾತ್ರ ಸಿ.ಡಿ.ಗೆ ಹಾಕಿಕೊಂಡು ರಾಮದುರ್ಗದ ಬಸ್ಸು ಹತ್ತುತ್ತಿದ್ದ. ಜೊತೆಗೆ, ತಾನು ಕೆಡಿಸಿ ಎಬ್ಬಿಸುವುದನ್ನೆಲ್ಲ ಮಂಗಳವಾರ ಮಂಗಳವಾರ ಫೋನಿನಲ್ಲಿ ಅಕ್ಕನಿಗೆ ಕೇಳಿಸುತ್ತಿದ್ದ. ಅಕ್ಕ ಕೇಳುತ್ತ ಬಾಯಿಪಾಠ ಮಾಡುತ್ತಿದ್ದಳು. ನಾನು ಸ್ಟೇಜಿನ ಮೇಲೆ ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದು ಒಂದು ಪಾಠವನ್ನು!

ಹೀಗೆ ಎರಡು ವರ್ಷ ನಡೆದ ಮೇಲೆ ಸವದತ್ತಿ ಕಡೆಯ ಒಂದು ವಸತಿ ಶಾಲೆಯಿಂದ ಪತ್ರ ಬಂತು. ಕಣ್ಣು ಕಾಣದ ಮಕ್ಕಳ ಶಾಲೆ. ಕನ್ನಡದ ಜೊತೆಗೆ ಕಂಪ್ಯೂಟರನ್ನೂ ಕಲಿಸುವವರು ಬೇಕು. ಸೋಮವಾರ ಹನ್ನೊಂದಕ್ಕೆ ಬಂದು, ತಮ್ಮದೇ ಕಂಪ್ಯೂಟರ್ ತಂದು, ಓದಿ ಬರೆದು ತೋರಿಸಬೇಕು. ಇದಕ್ಕೂ ಮೊದಲು ಅವಳು ಎರಡು ಕಡೆ ಹೋಗಿ ಬಂದಿದ್ದಳು. ಎರಡೂ ಕಡೆ ಅವಳ ಕೈಯ ಬಿಳಿ ಕೋಲು ನೋಡಿ, ಚಹಾ ಕುಡಿಸಿ, ಪೆಟ್ಟಿಗೆ ಬಿಚ್ಚುವ ಮೊದಲೇ ಕಳಿಸಿದ್ದರು. ಈ ಸಲ ಬಿಚ್ಚಲು ಕರೆದಿದ್ದರು. ಗುರುವಾರವೇ ಅವಳು ಪೆಟ್ಟಿಗೆ ಸಮೇತ ಬೈಲಹೊಂಗಲಕ್ಕೆ ಬಂದು ತಾಲೀಮು ಶುರು ಮಾಡಿದಳು.

ಈಗ ನನ್ನ ಸಾಹಸ. ಶನಿವಾರ ಮಾಮಾ ಮೋಟರ್ ಕೂರಿಸಲು ಕಿತ್ತೂರಿನ ಕಡೆ ಹೋಗಿದ್ದ. ದೊಡ್ಡವ್ವ, ಅತ್ತಿ ಇಬ್ಬರೂ ಸೀರೆ ತರಲು ಪೇಟೆಗೆ ಹೋಗಿದ್ದರು. ನನ್ನ ಹತ್ತಿರ ನನ್ನದೇ ಅಣಕುಧ್ವನಿಗಳ ರೆಕಾರ್ಡಿಂಗ್ ಇದ್ದವು. ಅವನ್ನೆಲ್ಲ ಒಂದು ಕಡೆ ಹಾಕಿ ಲೋಕಾರ್ಪಣೆ ಮಾಡುವ ಆಸೆ. ದೊಡ್ಡವ್ವನ ಕಂಪ್ಯೂಟರ್ ಮಾಮಾನದಕ್ಕಿಂತ ಹೊಸದು. ಹಾಕಲು ಹೋದರೆ ಅದು 'ಜಾಗ ಇಲ್ಲ' ಎಂದಿತು. ನನ್ನ ಕಲೆಗೆ ಜಾಗವಿಲ್ಲವೇ! ಹುಡುಕಿದೆ. ಮೂರು ಹಳೆಯ ಕರ್ನಲ್ಲುಗಳು ಸುಮ್ಮನೆ ಕುಳಿತಿದ್ದವು. ಕೆಲಸವಿಲ್ಲದೆ ಜಾಗ ಹಿಡಿದವರನ್ನು ಕಂಡರೆ ನನಗಾಗುವುದಿಲ್ಲ, ಆ ಸ್ಥಾನ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಮೀಸಲು. ಮೂರನ್ನೂ ಅಳಿಸಿದೆ. ಅಷ್ಟಕ್ಕೇ ನಿಂತೆನೇ? ಸೋಮವಾರಕ್ಕೆ ದೊಡ್ಡವ್ವನ ಕಂಪ್ಯೂಟರ್ ಹೊಚ್ಚಹೊಸದಾಗಿ ಹೊಳೆಯಲಿ ಎಂದು ಆ ವಾರದ ಕಚ್ಚಾ ಮಾಲನ್ನೂ ಇಳಿಸಿದೆ. ಅದು ಒಂದು ಉದ್ದ ಪಟ್ಟಿ ತೋರಿಸಿ, 'ಇವನ್ನು ಹಾಕುತ್ತೇನೆ, ಇವನ್ನು ತೆಗೆಯುತ್ತೇನೆ, ಒಪ್ಪಿಗೆಯೇ?' ಎಂದು ಕೇಳಿತು. ಮಾಮಾ ಇಂಥ ಪಟ್ಟಿಯನ್ನು ಹೊಲದ ಉತಾರ (ಪಹಣಿ) ಓದಿದಂತೆ ಸಾಲು ಸಾಲು ಓದುತ್ತಾನೆ. ನಾನು 'ಹೂಂ' ಎಂದೆ. ತೆಗೆಯುವವುಗಳ ಸಾಲಿನಲ್ಲಿ ಮೊದಲನೆಯದು ಅಲ್ಲಿಯತನಕ ದುಡಿಯುತ್ತಿದ್ದ ಕರ್ನಲ್, ನಾಲ್ಕನೆಯದು ಓದಿ ಹೇಳುವ ತಂತ್ರಾಂಶ!

ತೆರೆ ಇತ್ತು, ಅಕ್ಷರ ಇದ್ದವು, ಧ್ವನಿ ಇರಲಿಲ್ಲ. ಅಷ್ಟರಲ್ಲಿ ಹೊರಗೆ ರಿಕ್ಷಾ ನಿಂತ ಸದ್ದು. ದೊಡ್ಡವ್ವ ಒಳಗೆ ಬಂದವಳೇ ಕುರ್ಚಿ ಎಳೆದು ಕುಳಿತು, "ಹಚ್ಚಪಾ, ಒಂದು ಸಲ ತಾಲೀಮು ಮಾಡೋಣು" ಎಂದಳು. ಒಪ್ಪಿಕೊಳ್ಳಬಹುದಿತ್ತು. ಆದರೆ ದೇವರು ನನಗೆ ಒಂದು ವಿದ್ಯೆ ಕೊಟ್ಟಿದ್ದಾನಲ್ಲ!

ಸ್ಪೀಕರಿನ ಪಕ್ಕ ಮೊಣಕಾಲೂರಿ ಕುಳಿತು, ಮೂಗು ಹಿಡಿದುಕೊಂಡು, ತೆರೆಯ ಮೇಲಿನದನ್ನು ಆ ಬಾವಿಯ ಧ್ವನಿಯಲ್ಲಿ ಓದತೊಡಗಿದೆ. ಪೂರ್ಣವಿರಾಮಕ್ಕೆ ಗಕ್ಕನೆ ನಿಲ್ಲುವುದು, ಪ್ರಶ್ನೆಗೂ ಉತ್ತರಕ್ಕೂ ಒಂದೇ ರಾಗ, ಎಲ್ಲ ಬರೋಬ್ಬರಿ. ಒಂದು ಪರಿಚ್ಛೇದ ದಾಟಿತು. ನನ್ನ ಕಲಾಜೀವನದ ಶಿಖರ ಇದೇ ಎನಿಸಿತು. ದೊಡ್ಡವ್ವ ಒಂದು ಗುಂಡಿ ಒತ್ತಿದಳು. ಅದು ಬೇಗ ಓದಲು ಹೇಳುವ ಗುಂಡಿ. ಬೇಗ ಓದಿದೆ. ಮತ್ತೊಮ್ಮೆ ಒತ್ತಿದಳು. ಇನ್ನೂ ಬೇಗ. ಅವಳು ದಿನಾ ಕೇಳುವ ವೇಗ ನಮ್ಮಂಥವರಿಗೆ ಹೆಂಚಿನ ಮೇಲೆ ಜೋಳ ಸಿಡಿದಂತೆ ಕೇಳಿಸುತ್ತದೆ. ನನ್ನ ನಾಲಿಗೆ ಹಲ್ಲಿಗೆ ಸಿಕ್ಕಿತು, ಬೆವರು ಕಣ್ಣಿಗಿಳಿಯಿತು. ಆಗ ಅವಳು ಕೈ ಚಾಚಿ, ಸ್ಪೀಕರಿನ ಗುಂಡಿ ತಿರುಗಿಸಿ, ಅದನ್ನು ಪೂರ್ತಿ ಬಂದ್ ಮಾಡಿದಳು.

ಕಂಪ್ಯೂಟರ್ ಓದುತ್ತಲೇ ಇತ್ತು.

"ಸಾಕ ಮಾಡು, ನೀರ ಕುಡಿ" ಎಂದಳು ದೊಡ್ಡವ್ವ. "ಮಶೀನು ಮಾತಾಡುವಾಗ ಉಸರ ತಗೊಳ್ಳೂದಿಲ್ಲ."

ನಾನು ನೀರು ಕುಡಿಯಲಿಲ್ಲ. ಏನೇನು ಅಳಿಸಿದೆ, ಒಂದೂ ಬಿಡದೆ ಹೇಳು ಎಂದಳು, ಹೇಳಿದೆ. ಅವಳು ಬೈಯಲಿಲ್ಲ. ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, "ಸೋಮವಾರ ಹನ್ನೊಂದಕ್ಕ ಕರದಾರ" ಎಂದಷ್ಟೇ ಅಂದಳು. ನನಗೆ ಅನ್ನಲಿಲ್ಲ, ಹಾಗೇ ಗಾಳಿಗೆ ಅಂದಳು. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

ಸಂಜೆ ಮಾಮಾ ಬಂದು ಎಲ್ಲ ಕೇಳಿದ. ಹಳೆಯವು ಎಷ್ಟಿದ್ದವು ಎಂದು ನನ್ನನ್ನು ಕೇಳಿದ. ಮೂರು ಎಂದೆ. ಮೂರನ್ನೂ ತೆಗೆದೆಯಾ ಎಂದ. ಹೂಂ ಎಂದೆ. "ಎಣಿಸಿ ತಗದಿಯಲ್ಲ, ಅಷ್ಟರ ಕಲ್ತಿ" ಎಂದು ಕೈಕಾಲು ತೊಳೆಯಲು ಹೋದ.

ರವಿವಾರ ಬೆಳಿಗ್ಗೆ ಒಮ್ಮೆ ಮಲಗಿಸಿ ಎಬ್ಬಿಸಿ ನೋಡೋಣ ಎಂದು ಪೆಟ್ಟಿಗೆಯನ್ನು ಆರಿಸಿ ಹಚ್ಚಿದ. ಇದ್ದ ತೆರೆಯೂ ಹೋಯಿತು! ನಾನು ಇಳಿಸಿದ ಹೊಸ ಕರ್ನಲ್ಲಿಗೂ ಆ ತೆರೆಗೂ ಹೊಂದಲಿಲ್ಲ. ಬೇರೆ ದಿನವಾಗಿದ್ದರೆ ಪಟ್ಟಿಯಲ್ಲಿ ಹಳೆಯದನ್ನು ಆರಿಸಿ ಎರಡು ನಿಮಿಷದಲ್ಲಿ ಎಬ್ಬಿಸುತ್ತಿದ್ದ. ಈಗ ಪಟ್ಟಿಯಲ್ಲಿ ಒಂದೇ ಹೆಸರು, ಕೆಟ್ಟದ್ದು. ಸಿ.ಡಿ.ಯಿಂದ ಎಬ್ಬಿಸೋಣವೆಂದರೆ ಸಿ.ಡಿ. ಡಬ್ಬಿ ಸುರೇಬಾನದ ಬಸ್ಸಿನ ಕುಲುಕಾಟಕ್ಕೆ ಬಾಯಿ ತೆರೆಯುವುದನ್ನೇ ಬಿಟ್ಟಿತ್ತು. ಅದರ ಡಿಸ್ಕನ್ನು ಬಿಚ್ಚಿ ಮಾಮಾನ ಪೆಟ್ಟಿಗೆಗೆ ಜೋಡಿಸೋಣವೆಂದರೆ ಹೊಸದರ ಪಿನ್ನು ಹಳೆಯದಕ್ಕೆ ಕೂಡಲಿಲ್ಲ. ಮಾಮಾನ ಪೆಟ್ಟಿಗೆಯನ್ನೇ ಒಯ್ಯೋಣವೆಂದರೆ ಅದು ಹಳೆಯದು, ದೊಡ್ಡವ್ವನ ವೇಗಕ್ಕೆ ಓದಲು ಅದಕ್ಕೆ ಶಕ್ತಿ ಸಾಲದು. ಊರಿನ ಕಂಪ್ಯೂಟರ್ ಅಂಗಡಿಗೆ ರವಿವಾರ ಬೀಗ. ನಾಲ್ಕು ಗಂಟೆಗೆ ಕರೆಂಟ್ ಹೋಗುವ ಪಾಳಿ, ಹೋದರೆ ಬರುವುದು ರಾತ್ರಿಯೇ. ಊಟದ ಹೊತ್ತು ಮೀರಿತು. ಮಾಮಾ ಕಪ್ಪು ತೆರೆಯ ಮುಂದೆ ಕುಳಿತು ಕುತ್ತಿಗೆ ಉಜ್ಜಿಕೊಂಡ.

ಮೂಲೆಯಲ್ಲಿ ಕುಳಿತಿದ್ದ ದೊಡ್ಡವ್ವ ಕೇಳಿದಳು: "ತಮ್ಮಾ, ತೆರಿ ಅಷ್ಟ ಹೋಗೇತೋ, ಒಳಗೂ ಜೀವಾ ಇಲ್ಲೋ?"

ಮಾಮಾ ಒಂದು ಗುಂಡಿ ಒತ್ತಿದ. ಕೀಲಿಮಣೆಯ ಮೂಲೆಯ ಪುಟ್ಟ ದೀಪ ಹತ್ತಿತು. ಮತ್ತೆ ಒತ್ತಿದ, ಆರಿತು.

"ಒಳಗ ಜೀವಾ ಐತಿ ಅಕ್ಕಾ. ಆದ್ರ ಮುಂದ ಕತ್ತಲಿ. ಏನೂ ಕಾಣೂದಿಲ್ಲ."

"ಹಂಗಾರ ಏಳು" ಎಂದಳು ದೊಡ್ಡವ್ವ. "ಆ ಖುರ್ಚಿ ನಂದು."

ಮಾಮಾ ಎದ್ದ. ನಮ್ಮ ಮೂವರಲ್ಲಿ ನೋಡದೆ ಒತ್ತಲು ಬರುವವಳು ಅವಳೊಬ್ಬಳೇ. ಮಾಮಾ ಒಂದೇ ಬೆರಳಿನಿಂದ ಕೋಳಿ ಕಾಳು ಹೆಕ್ಕಿದಂತೆ ಒತ್ತುತ್ತಾನೆ, ಸಾಲಿಗೆ ಮೂರು ತಪ್ಪು. ನನ್ನ ಹೆಸರನ್ನು ಈ ಹೊತ್ತಿನಲ್ಲಿ ಎತ್ತುವುದೇ ಬೇಡ. ತೆರೆ ಇಲ್ಲ, ಧ್ವನಿ ಇಲ್ಲ; ಒತ್ತಿದ್ದು ಫಲಿಸಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೆ ಮಾಮಾ ಒಂದು ಹಿಕ್ಮತ್ತು ಮಾಡಿದ. ಪ್ರತಿ ಆಜ್ಞೆಯ ಬಾಲಕ್ಕೆ ಒಂದು ಗಂಟೆ ಕಟ್ಟಿಸಿದ. ಕೆಲಸ ಆದರೆ ಪೆಟ್ಟಿಗೆಯೊಳಗಿನ ಪುಟ್ಟ ಪೀಪಿ ಒಂದು ಸಲ ಕೂಗಬೇಕು, ಆಗದಿದ್ದರೆ ಎರಡು ಸಲ. ತನ್ನ ಪೆಟ್ಟಿಗೆಯಲ್ಲಿ ಎಸೆಯದೆ ಇಟ್ಟಿದ್ದ ಹಳೆಯ ಸಾಮಾನನ್ನೆಲ್ಲ, ಓದಿ ಹೇಳುವ ತಂತ್ರಾಂಶವನ್ನೂ ಹಳೆಯ ಕರ್ನಲ್ಲನ್ನೂ, ಒಂದು ಪೆನ್‌ಡ್ರೈವಿಗೆ ತುಂಬಿ ಚುಚ್ಚಿದ. ದಫ್ತರ ತೆರೆದು ಹೇಳತೊಡಗಿದ. ದೊಡ್ಡವ್ವ ಒತ್ತತೊಡಗಿದಳು.

ಮೊದಲನೆಯದಕ್ಕೇ ಎರಡು ಪೀ. ಅತ್ತಿ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಮಾಮಾ ಹಣೆ ಒರೆಸಿಕೊಂಡು ದಫ್ತರ ನೋಡುತ್ತಿದ್ದರೆ ದೊಡ್ಡವ್ವ, ನೀನು ಜಾಗ ಬಿಡುವುದನ್ನು ಹೇಳಲಿಲ್ಲ ಎಂದು, ತಾನೇ ಮತ್ತೆ ಒತ್ತಿದಳು. ಒಂದು ಪೀ. ಎರಡನೆಯದನ್ನು ಮಾಮಾ ಹೇಳಿ ಮುಗಿಸುವ ಮೊದಲೇ ಅವಳ ಬೆರಳು ಕೊನೆ ಮುಟ್ಟಿತ್ತು. ಒಂದು ಪೀ. ಮೂರನೆಯದಕ್ಕೆ ಅವಳೇ ಹೇಳುತ್ತ ಅವಳೇ ಒತ್ತಿದಳು. ಎರಡು ವರ್ಷದ ಮಂಗಳವಾರಗಳೆಲ್ಲ ಒಂದೊಂದೇ ಹೊರಬಂದವು. ಮಾಮಾ ಸ್ವಲ್ಪ ಹೊತ್ತು ದಫ್ತರದ ಮೇಲೆ ಬೆರಳಿಟ್ಟು ತಾಳೆ ನೋಡಿದ. ಆಮೇಲೆ ದಫ್ತರ ಮುಚ್ಚಿ, ಕೈಕಟ್ಟಿ ನಿಂತ.

ಮೂರೂ ಇಪ್ಪತ್ತಕ್ಕೆ ಸ್ಪೀಕರ್ ಗರ್ ಎಂದು, ಮೂಗು ಕಟ್ಟಿದ ಆ ಧ್ವನಿ, ಅವಳು ತನ್ನ ಕಂಪ್ಯೂಟರಿಗೆ ಇಟ್ಟ ಹೆಸರನ್ನು ಓದಿತು. "ಸುರೇಬಾನ." ಅಷ್ಟು ಕೆಟ್ಟದಾಗಿ, ಅಷ್ಟು ಚೆಂದಾಗಿ ಆ ಊರಿನ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಅನುಕರಣೆ ಎಷ್ಟು ಕಳಪೆಯಾಗಿತ್ತು ಎಂದೂ ಆಗಲೇ ತಿಳಿಯಿತು! ಧ್ವನಿ ಬಂದ ಮೇಲೆ ಅವಳನ್ನು ಹಿಡಿಯುವವರು ಯಾರು? ಹಳೆಯ ಕರ್ನಲ್ ಕೂತಿತು. ಮಲಗಿಸಿ ಎಬ್ಬಿಸಿದರು. ತೆರೆಗೆ ಬೆಳಕು ಬಂತು, ಎಲ್ಲಕ್ಕಿಂತ ಕೊನೆಗೆ. ಅದರಿಂದ ಸಮಾಧಾನವಾದದ್ದು ನನಗೆ, ಮಾಮಾನಿಗೆ, ಅತ್ತಿಗೆ. ದೊಡ್ಡವ್ವ ಅಷ್ಟರಲ್ಲಿ ಎದ್ದು, ಊಟಕ್ಕೆ ಏನಿದೆ ಎಂದು ಕೇಳುತ್ತಿದ್ದಳು.

ಕರೆಂಟ್ ಹೋದ ಮೇಲೆ ಮಾಮಾ ಕಿಟಕಿಯ ಬೆಳಕಿಗೆ ದಫ್ತರ ಹಿಡಿದು ಬರೆದ. ಬಗ್ಗಿ ನೋಡಿದೆ. ಸುಟ್ಟಿದ್ದು: ಧ್ವನಿ, ತೆರೆ. ಕಾರಣ: ಅಳಿಯ. ಮಾಡಿದ್ದು: ಅಕ್ಕ. ಕೊನೆಯ ಶಬ್ದವನ್ನು ಬರೆದು, ಒಂದು ಕ್ಷಣ ನೋಡಿ, ಅದರ ಕೆಳಗೆ ಒಂದು ಗೆರೆ ಎಳೆದ. ನಾನು ಆ ಮುಖವನ್ನು ಆಮೇಲೆ ಎಷ್ಟೋ ಸಲ ಮಾಡಿ ನೋಡಿದ್ದೇನೆ. ಬರುವುದಿಲ್ಲ.

ಸೋಮವಾರ ಸವದತ್ತಿಯ ಬಸ್ಸಿನಲ್ಲಿ ಮಾಮಾ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ತಗ್ಗು ಬಂದಾಗಲೆಲ್ಲ ಸೀಟಿನಿಂದ ತಾನೇ ಅರ್ಧ ಎದ್ದು ಕುಳಿತ. ನೌಕರಿ ಸಿಕ್ಕಿತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ; ಯಾಕೆಂದರೆ ದೊಡ್ಡವ್ವ ಬಾಯಿ ತೆರೆದ ಮೇಲೆ ನಾನು ಹೇಳಲು ಏನೂ ಉಳಿಯುವುದಿಲ್ಲ. ಒಳಗೆ ನಾಲ್ವರು ಕುಳಿತಿದ್ದರು. ಅವರು ಕೊಟ್ಟ ಪುಟವನ್ನು ದೊಡ್ಡವ್ವ ಕಂಪ್ಯೂಟರಿನಲ್ಲಿ ಓದಿ ತೋರಿಸಿದಳು, ಹೇಳಿದ ಪತ್ರವನ್ನು ತಪ್ಪಿಲ್ಲದೆ ಬರೆದಳು. ಮೂವರು ತಲೆದೂಗಿದರು. ನಾಲ್ಕನೆಯವರು, ವಯಸ್ಸಾದವರು, ಕೆಟ್ಟ ಮನುಷ್ಯರೇನಲ್ಲ, ಮೆತ್ತಗೆ ಕೇಳಿದರು:

"ಎಲ್ಲಾ ಛಲೋ ಮಾಡಿದ್ರಿ ಬಾಯೋರ. ಆದ್ರ ನಾಳೆ ಮಕ್ಕಳ ಮುಂದ ಈ ಮಶೀನು ಕೆಟ್ಟ ಕುಂತ್ರ? ಕಣ್ಣಿದ್ದವರು ಒಬ್ಬರು ನಿಮ್ಮ ಜೋಡಿ ಬೇಕಾಗತಾರಲ್ರಿ?"

ಬಾಗಿಲ ಹತ್ತಿರ ನಿಂತಿದ್ದ ಮಾಮಾನ ಬಾಯಿ ತೆರೆಯಿತು. 'ನಾ ಅದೀನಲ್ರಿ' ಎನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು, ನಾನು ನೋಡಿದೆ. ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಹೌದಲ್ಲ, ಬೇಕಲ್ಲ ಎನ್ನುತ್ತಿದ್ದರು. ಹಿಂದಿನ ದಿನದತನಕ ಎಂದೂ ಕೆಟ್ಟದ್ದರ ಮುಂದೆ ಕೈಕಟ್ಟಿ ನಿಲ್ಲದ ಮನುಷ್ಯ, ಅವತ್ತು ಅಕ್ಕನ ಬೆನ್ನನ್ನು ನೋಡಿ, ಬಾಯಿ ಮುಚ್ಚಿಕೊಂಡ. ಅವನ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು, ಕಣ್ಣು ತುಂಬಿ ಬಂದಿತ್ತು.

ದೊಡ್ಡವ್ವ ಧ್ವನಿ ಬಂದ ಕಡೆ ಮುಖ ತಿರುಗಿಸಿ, ಕೈ ಜೋಡಿಸಿ, ಹೇಳಿದಳು:

"ನಿನ್ನೆ ರಿಪೇರಿ ಮಾಡಿದಾಕಿ ನಾನರಿ. ಮೊನ್ನೆ ಕೆಡಿಸಿದಾಂವಗ ಎರಡೂ ಕಣ್ಣ ಅದಾವ್ರಿ."